ಗೆದ್ದಲು ಹಿಡಿಯುವ ದಾರಿ: ತೇವ, ತಾಪ, ಮಣ್ಣು

ಕಳೆದ ಬೇಸಿಗೆಯಲ್ಲಿ ಬ್ರಿಸ್ಬೇನ್‌ನ ನಮ್ಮ ಮನೆಯ ದೇವರ ಕೋಣೆ ಗುಡಿಸುತ್ತಿದ್ದಾಗ, ಗೋಡೆಯಡಿಯ ಮರದ ಪಟ್ಟಿಗೆ ಪೊರಕೆ ತಾಗಿತು. ಪಟ್ಟಿ ಹಪ್ಪಳದಂತೆ ಒಳಗೆ ಕುಸಿಯಿತು. ಮೇಲಿನ ಬಣ್ಣ ಮಾತ್ರ ಉಳಿದಿತ್ತು. ಒಳಗಿನ ಮರವನ್ನು ಗೆದ್ದಲು ಮುಗಿಸಿತ್ತು. ಆ ಗೋಡೆಯ ಹೊರಬದಿಯಲ್ಲೇ ನಾನು ಮಣ್ಣು ಏರಿಸಿ, ಮರದ ಚಕ್ಕೆ ಹರಡಿ, ಮಲ್ಲಿಗೆ ಮತ್ತು ಕರಿಬೇವಿಗೆ ದಿನವೂ ನೀರು ಹಾಯಿಸುತ್ತಿದ್ದೆ. ಗೆದ್ದಲಿಗೆ ದಾರಿ ಮಾಡಿಕೊಟ್ಟವಳು ನಾನೇ ಎಂದು ಅರಿವಾದದ್ದು ಆಮೇಲೆ.

ಗೆದ್ದಲಿನ ಚರ್ಮ ಬಹಳ ತೆಳು. ಇರುವೆಯಂತೆ ಬಿಸಿಲಿನಲ್ಲಿ ಓಡಾಡಿದರೆ ಬೇಗನೆ ಒಣಗಿ ಸಾಯುತ್ತದೆ. ಆದ್ದರಿಂದಲೇ ಅದು ನೆಲದೊಳಗೆ ಸುರಂಗ ತೋಡುತ್ತದೆ. ಹೊರಗೆ ಬರಲೇಬೇಕಾದರೆ ಮಣ್ಣಿಗೆ ಎಂಜಲು, ಮಲ ಬೆರೆಸಿ ಕೊಳವೆ ಕಟ್ಟಿಕೊಂಡು ಅದರೊಳಗೆ ನಡೆಯುತ್ತದೆ. ಅದರ ಆಹಾರದ ಹುಡುಕಾಟ ಎಂದರೆ ತೇವದ ಹುಡುಕಾಟವೂ ಹೌದು.

ಇಲ್ಲಿ ಮಣ್ಣಿನ ಗುಣ ಮುಖ್ಯವಾಗುತ್ತದೆ. ಮರಳು ಮಣ್ಣಿನಲ್ಲಿ ನೀರು ಬೇಗ ಇಳಿದುಹೋಗುತ್ತದೆ. ಒಣಗಿದರೆ ಸುರಂಗ ಕುಸಿಯುತ್ತದೆ. ಜೇಡಿ ಮಣ್ಣು ತೇವವನ್ನು ಬಹುಕಾಲ ಹಿಡಿದಿಡುತ್ತದೆ, ಸುರಂಗದ ಗೋಡೆಯೂ ಗಟ್ಟಿ. ಆದರೆ ಪೂರ್ತಿ ಒಣಗಿದ ಜೇಡಿಯನ್ನು ತೋಡುವುದು ಕಷ್ಟ. ಮಳೆಯಿಲ್ಲದ ದಿನಗಳಲ್ಲಿ ಸುತ್ತಲಿನ ನೆಲ ಒಣಗಿದಾಗ ಹಸಿಯಾಗಿ ಉಳಿಯುವುದು ಎರಡೇ ಜಾಗ: ಕಾಂಕ್ರೀಟ್ ಹಾಸಿನ ಅಡಿ ಮತ್ತು ನಾವು ನೀರುಣಿಸುವ ಕೈತೋಟ. ಬರಗಾಲದಲ್ಲೂ ಗೆದ್ದಲು ಮನೆಗೆ ಬರುವುದು ಇದಕ್ಕೇ.

ತಾಪವೂ ಅದನ್ನು ಆಳುತ್ತದೆ. ಬೇಸಿಗೆಯ ಮಧ್ಯಾಹ್ನ ಮೇಲ್ಮಣ್ಣು ಕಾದಾಗ ಆಳಕ್ಕಿಳಿಯುತ್ತದೆ. ಚಳಿಗಾಲದಲ್ಲಿ ಕೆಲಸ ನಿಧಾನವಾಗುತ್ತದೆ. ಆದರೆ ಬ್ರಿಸ್ಬೇನ್‌ನ ಚಳಿ ಸೌಮ್ಯ, ಗೋಡೆಯ ಒಳಗು ಬೆಚ್ಚಗೆ. ಇಲ್ಲಿ ಮನೆಗಳಿಗೆ ಹೆಚ್ಚು ಹಾನಿ ಮಾಡುವ ಕಾಪ್ಟೊಟರ್ಮಿಸ್ ಅಸಿನಾಸಿಫಾರ್ಮಿಸ್ ಸಾಮಾನ್ಯವಾಗಿ ನೀಲಗಿರಿ ಮರದ ಬುಡದಲ್ಲಿ ಗೂಡು ಮಾಡಿ, ಅಲ್ಲಿಂದ ಹತ್ತಾರು ಮೀಟರ್ ದೂರ ಸುರಂಗ ಚಾಚುತ್ತದೆ. ಗುಡುಗು ಮಳೆಯ ಬೆಚ್ಚನೆಯ ಸಂಜೆ ದೀಪಕ್ಕೆ ಮುತ್ತುವ ರೆಕ್ಕೆಹುಳುಗಳು ಹತ್ತಿರದಲ್ಲೇ ಗೂಡಿರುವ ಸೂಚನೆ.

ನಮ್ಮ ಮಲೆನಾಡಿನ ಕಥೆ ಬೇರೆ. ಅಲ್ಲಿ ಹುತ್ತ ಕಟ್ಟುವ ಒಡಾಂಟೊಟರ್ಮಿಸ್ ಗೆದ್ದಲು ಗೂಡಿನೊಳಗೆ ಶಿಲೀಂಧ್ರ ಬೆಳೆಸುತ್ತದೆ. ಮುಂಗಾರು ಬಿದ್ದಾಗ ಹುತ್ತದ ಬಳಿ ಏಳುವ ಅಣಬೆ ಅದರದೇ ಬೆಳೆ. ಮಳೆ ನಿಂತ ತಿಂಗಳುಗಳಲ್ಲಿ ಮರದ ತೊಗಟೆಗೆ ಮಣ್ಣಿನ ಹೊದಿಕೆ ಹಾಕಿ ಒಣ ತೊಗಟೆಯನ್ನು ತಿನ್ನುತ್ತದೆ. ಜೋರು ಮಳೆ ಆ ಹೊದಿಕೆಯನ್ನು ತೊಳೆದುಬಿಡುತ್ತದೆ. ಅಪ್ಪ ತೋಟದಲ್ಲಿ ಕೋಲಿನಿಂದ ಅದನ್ನು ಕೆರೆದು ಹಾಕುತ್ತಿದ್ದರು. ನಾನೂ ಇಲ್ಲಿ ಹಾಗೆಯೇ ಕೆರೆಯಲು ಹೋದೆ. ಅದು ತಪ್ಪು. ಕೆದಕಿದರೆ, ಅಂಗಡಿಯ ಔಷಧಿ ಸಿಂಪಡಿಸಿದರೆ ಗೆದ್ದಲು ಆ ಜಾಗ ಬಿಟ್ಟು ಇನ್ನೊಂದು ಗೋಡೆ ಹಿಡಿಯುತ್ತದೆ. ತಪಾಸಣೆಗೆ ಬಂದವರಿಗೆ ಜಾಡು ಸಿಗುವುದಿಲ್ಲ.

ಹೊಸದಾಗಿ ಮನೆ ಕೊಳ್ಳುವ ಸದಸ್ಯರು ಗಮನಿಸಬೇಕು: ಸಾಮಾನ್ಯ ಗೃಹವಿಮೆ ಗೆದ್ದಲಿನ ನಷ್ಟ ಭರಿಸುವುದಿಲ್ಲ. ವರ್ಷಕ್ಕೊಮ್ಮೆಯಾದರೂ ತಪಾಸಣೆ ಮಾಡಿಸಿ. ಅಡಿಪಾಯದ ಅಂಚು ಕನಿಷ್ಠ 75 ಮಿಲಿಮೀಟರ್ ಕಾಣುವಂತಿರಲಿ. ಇಟ್ಟಿಗೆ ಗೋಡೆಯ ಗಾಳಿಕಿಂಡಿ ಮುಚ್ಚಬೇಡಿ. ಏಸಿ ನೀರು ಗೋಡೆಯ ಬುಡಕ್ಕೆ ಬೀಳದಿರಲಿ.

ನಮ್ಮ ಕರಿಬೇವು ಈಗ ಕುಂಡದಲ್ಲಿದೆ, ಗೋಡೆಯಿಂದ ನಾಲ್ಕು ಹೆಜ್ಜೆ ದೂರ.