ನೆಲ ಉಜ್ಜುವಾಗ ಏಳುವ ಧೂಳು

ಭತ್ತದ ಸುಗ್ಗಿ ಮುಗಿದು ಕೈಯಲ್ಲಿ ನಾಲ್ಕು ಕಾಸು ಆಡತೊಡಗಿದರೆ ಸಿಂಧನೂರು ಕಡೆ ಮನೆ ರಿಪೇರಿ ಶುರುವಾಗುತ್ತದೆ. ಹಳೆಯ ಬಣ್ಣ ಕೆರೆಯುವುದು, ಜಾರುವ ಬಚ್ಚಲ ನೆಲಕ್ಕೆ ಕಚ್ಚು ಹಾಕುವುದು, ಹೊಸ ಗಿಲಾವು ಹಿಡಿಯಲೆಂದು ಕಾಂಕ್ರೀಟನ್ನು ಒರಟು ಮಾಡುವುದು ಎಲ್ಲರ ಮನೆಯಲ್ಲೂ ನಡೆಯುವಂಥದ್ದೇ. ಹಿಂದೆ ಇದಕ್ಕೆ ಗೌಂಡಿಯ ಬಳಿ ಉಳಿ, ಸುತ್ತಿಗೆ, ತಂತಿ ಬ್ರಷ್ ಇದ್ದವು. ಈಗ ಗ್ರೈಂಡರ್, ಬ್ರೇಕರ್ ಬಂದಿವೆ. ದಿನದ ಕೆಲಸ ತಾಸಿನಲ್ಲಿ ಮುಗಿಯುತ್ತದೆ. ಆದರೆ ದಿನದ ಧೂಳೂ ಅದೇ ತಾಸಿನಲ್ಲಿ ಏಳುತ್ತದೆ, ಅದೂ ಹಿಟ್ಟಿಗಿಂತ ನುಣ್ಣಗಾಗಿ.

ಧೂಳಿನಲ್ಲಿ ಏನಿದೆ?

ಕಾಂಕ್ರೀಟಿನಲ್ಲಿರುವ ಮರಳು, ಜಲ್ಲಿಗಳಲ್ಲಿ ಸಿಲಿಕಾ ಇರುತ್ತದೆ. ದಪ್ಪ ಕಣಗಳನ್ನು ಮೂಗು, ಗಂಟಲು ತಡೆಯುತ್ತವೆ. ಐದು ಮೈಕ್ರಾನಿಗಿಂತ ಸಣ್ಣ ಕಣಗಳು ಮಾತ್ರ ಶ್ವಾಸಕೋಶದ ತಳಕ್ಕೇ ಇಳಿಯುತ್ತವೆ. ನಮ್ಮ ತಲೆಗೂದಲಿನ ದಪ್ಪವೇ ಸುಮಾರು 70 ಮೈಕ್ರಾನ್ ಎಂದರೆ ಅವೆಷ್ಟು ಸಣ್ಣವೆಂದು ಊಹಿಸಿ. ಅವು ಕಣ್ಣಿಗೆ ಕಾಣುವುದಿಲ್ಲ, ಬೇಗ ನೆಲಕ್ಕೂ ಇಳಿಯುವುದಿಲ್ಲ. ಒಳಗೆ ಕೂತ ಕಣದ ಸುತ್ತ ಗಾಯದ ಕಲೆಯಂಥ ಗಂಟು ಬೆಳೆದು ಶ್ವಾಸಕೋಶ ಬಿರುಸಾಗುತ್ತದೆ. ಇದೇ ಸಿಲಿಕೋಸಿಸ್. ಇದನ್ನು ಗುಣಪಡಿಸುವ ಔಷಧಿ ಇಲ್ಲ.

ಇದು ಗಣಿ ಕಾರ್ಮಿಕರ ರೋಗವೆಂದೇ ನಮ್ಮಲ್ಲಿ ಹೆಸರಾದದ್ದು. 1940ರಿಂದ 1946ರವರೆಗೆ ಕೋಲಾರ ಚಿನ್ನದ ಗಣಿಗಳ 7,653 ಕಾರ್ಮಿಕರನ್ನು ಪರೀಕ್ಷಿಸಿದಾಗ ಶೇ. 43.7 ಮಂದಿಯಲ್ಲಿ ಅದು ಕಂಡುಬಂದಿತ್ತು. ಪಕ್ಕದ ಲಿಂಗಸುಗೂರು ತಾಲ್ಲೂಕಿನಲ್ಲಿ ಹಟ್ಟಿ ಗಣಿ ಇರುವುದರಿಂದ ಈ ಹೆಸರು ನಮಗೆ ಹೊಸದಲ್ಲ. ಆದರೆ ಗಣಿಗೆ ಇಳಿಯದೆಯೂ ಅದೇ ಧೂಳನ್ನು ದಿನವೂ ಕುಡಿಯುವವನು ಗ್ರೈಂಡರ್ ಹಿಡಿದ ಹುಡುಗ.

ಕ್ಷಯವೋ, ಧೂಳಿನ ರೋಗವೋ?

ಒಂದೆರಡು ದಿನದ ರಿಪೇರಿಯಿಂದ ಮನೆಯವರಿಗೆ ಸಿಲಿಕೋಸಿಸ್ ಬರುವುದಿಲ್ಲ. ಉಬ್ಬಸ ಇದ್ದವರಿಗೆ ಮಾತ್ರ ಅದು ಕೆರಳಬಹುದು. ವರ್ಷಗಟ್ಟಲೆ ಇದೇ ಕೆಲಸ ಮಾಡುವವರಿಗೇ ನಿಜವಾದ ಅಪಾಯ. ಮೊದಲು ಒಣ ಕೆಮ್ಮು, ಆಮೇಲೆ ಮೆಟ್ಟಿಲು ಹತ್ತಿದರೆ ದಮ್ಮು. ಎಕ್ಸ್‌ರೇ ನೋಡಿದರೆ ಕ್ಷಯದಂತೆಯೇ ಕಾಣಬಹುದು. ಸಾಲದ್ದಕ್ಕೆ ಸಿಲಿಕೋಸಿಸ್ ಇದ್ದವರಿಗೆ ಕ್ಷಯ ಬೇಗ ಅಂಟುತ್ತದೆ. ಆದ್ದರಿಂದ ವೈದ್ಯರು ಕೇಳದಿದ್ದರೂ ನೀವು ಮಾಡುವ ಕೆಲಸವೇನೆಂದು ಹೇಳಿ. ಕಫದ ಪರೀಕ್ಷೆ ಸರ್ಕಾರಿ ಆಸ್ಪತ್ರೆಯಲ್ಲಿ ಉಚಿತ. ಬೀಡಿ ಸೇದುವವರು ಇಂದೇ ಬಿಡಿ.

ಹಳೆಯ ಬಣ್ಣ

ಹಳೆಯ ಆಯಿಲ್ ಪೇಂಟಿನಲ್ಲಿ ಸೀಸ ಇರಬಹುದು. ಮನೆ ಬಣ್ಣಗಳಲ್ಲಿ ಸೀಸ 90 ಪಿಪಿಎಂ ಮೀರಬಾರದೆಂಬ ನಿಯಮ ನಮ್ಮ ದೇಶದಲ್ಲಿ ಜಾರಿಯಾದದ್ದು 2017ರ ನವೆಂಬರಿನಲ್ಲಿ. ಅದಕ್ಕಿಂತ ಹಿಂದಿನ ಬಣ್ಣವನ್ನು ಒಣಗಿದ್ದಾಗ ಉಜ್ಜಬೇಡಿ, ಬೆಂಕಿಯಿಂದ ಸುಟ್ಟು ಕೆರೆಯಬೇಡಿ. ಸೀಸ ಮಕ್ಕಳ ಮೆದುಳಿನ ಬೆಳವಣಿಗೆಯನ್ನು ಕುಂಠಿತಗೊಳಿಸುತ್ತದೆ. ಕೆಲಸ ಮುಗಿಯುವವರೆಗೆ ಮಕ್ಕಳನ್ನೂ ಗರ್ಭಿಣಿಯರನ್ನೂ ಬೇರೆ ಮನೆಯಲ್ಲಿರಿಸಿ.

ನೀವು ಮಾಡಬೇಕಾದದ್ದು

* ನೆಲವನ್ನಾಗಲಿ ಬಣ್ಣವನ್ನಾಗಲಿ ನೀರು ಹಾಕಿ ತೋಯಿಸಿಯೇ ಕೆರೆಯಬೇಕು. ಒದ್ದೆಯಾದ ಧೂಳು ಏಳುವುದಿಲ್ಲ.
* ಕರೆಂಟಿನ ಯಂತ್ರಕ್ಕೆ ನೀರು ಸುರಿದರೆ ಶಾಕ್ ಹೊಡೆಯುತ್ತದೆ. ನೀರಿನ ಕೊಳವೆ ಇರುವ ಯಂತ್ರವನ್ನೋ, ಧೂಳು ಎಳೆದುಕೊಳ್ಳುವ ಯಂತ್ರವನ್ನೋ ಬಾಡಿಗೆಗೆ ತರಿಸಿ.
* ಮುಖಕ್ಕೆ ಕಟ್ಟಿದ ಟವೆಲ್ ಸಣ್ಣ ಕಣ ತಡೆಯದು. ಎನ್-95 ಮಾಸ್ಕ್ ಮುಖಕ್ಕೆ ಬಿಗಿಯಾಗಿ ಕೂಡಬೇಕು.
* ಅಡುಗೆ, ಕುಡಿಯುವ ನೀರು ಮುಚ್ಚಿಡಿ. ಒಣ ಕಸಬರಿಗೆಯಿಂದ ಗುಡಿಸದೆ ಒದ್ದೆ ಬಟ್ಟೆಯಿಂದ ಒರೆಸಿ.
* ಕೆಲಸದ ಬಟ್ಟೆ ಝಾಡಿಸದೆ ಬೇರೆಯಾಗಿ ಒಗೆಯಿರಿ.

ಮಾಸ್ಕಿಗೆ ಆಗುವ ಖರ್ಚು ಸಿಮೆಂಟಿನ ಖರ್ಚಿನ ಮುಂದೆ ಏನೂ ಅಲ್ಲ. ಗೌಂಡಿಯ ಜೊತೆ ಕೂಲಿ ಮಾತಾಡುವಾಗಲೇ ನೀರು, ಮಾಸ್ಕಿನ ಮಾತೂ ಮುಗಿಸಿಬಿಡಿ.