ಕೋರಮಂಡಲಿಗೆ ಬರುವ ಕಡಲಿನ ಮಳೆ

ಕೋಲಾರದ ಚಿನ್ನದ ಗಣಿ ಪ್ರದೇಶದಲ್ಲಿ ಕೋರಮಂಡಲ್ ಎಂಬುದೊಂದು ಬಡಾವಣೆ ಉಂಟು. ಹಿಂದೆ ಅಲ್ಲಿ ಅದೇ ಹೆಸರಿನ ಗಣಿಯಿದ್ದಿತು. ಹೆಸರು ಮಾತ್ರ ಮೂಡಣ ಕರಾವಳಿಯದು. ಆ ಕಡಲು ಇಲ್ಲಿಂದ 200 ಕಿಲೋಮೀಟರಿಗೂ ಹೆಚ್ಚು ದೂರ. ಆದುದರಿಂದ ಬಂಗಾಳ ಕೊಲ್ಲಿಯಲ್ಲಿ ವಾಯುಭಾರ ಕುಸಿದಿದೆಯೆಂಬ ವರ್ತಮಾನ ಬಂದಾಗ, ಅದು ಬೆಸ್ತರಿಗೆ ಹೇಳಿದ ಮಾತೆಂದು ನಮ್ಮಲ್ಲಿ ಅನೇಕರು ಕೇಳಿಯೂ ಕೇಳದಂತಿರುವುದುಂಟು. ಈ ಭಾವನೆ ಸರಿಯಲ್ಲವೆಂದು ಅರಿಕೆ ಮಾಡಬಯಸುತ್ತೇವೆ.

ಚಂಡಮಾರುತವು ನೆಲವನ್ನು ಸೇರಿದೊಡನೆ ಅದರ ಗಾಳಿಯ ಬಲ ಕುಗ್ಗುತ್ತದೆ; ಅದಕ್ಕೆ ಆಹಾರವಾದ ಕಡಲಿನ ಆವಿ ಅಲ್ಲಿಗೆ ನಿಂತುಹೋಗುತ್ತದೆ. ಆದರೆ ಹೊತ್ತು ತಂದ ನೀರನ್ನು ಅದು ಎಲ್ಲಿಯಾದರೂ ಸುರಿಯಲೇಬೇಕು. ಅಕ್ಟೋಬರಿನಿಂದ ಡಿಸೆಂಬರಿನವರೆಗೆ ಕೋಲಾರ ಸೀಮೆಯಲ್ಲಿ ದಿನಗಟ್ಟಲೆ ಹಿಡಿಯುವ ಜಡಿಮಳೆ ಬಹುಮಟ್ಟಿಗೆ ಇಂಥದೇ. ಇಲ್ಲಿಯ ಕೆರೆಗಳೋ ಒಂದರ ಕೋಡಿ ಇನ್ನೊಂದಕ್ಕೆ ಹರಿಯುವಂತೆ ಸರಪಣಿಯಾಗಿ ಕಟ್ಟಿದವು. ಬರಗಾಲದಲ್ಲಿ ಈ ಏರ್ಪಾಡು ನಮ್ಮ ಹಿರಿಯರ ಜಾಣತನಕ್ಕೆ ಸಾಕ್ಷಿ. ಅತಿವೃಷ್ಟಿಯಲ್ಲಿ ಮೇಲಿನ ಒಂದು ಏರಿ ಒಡೆದರೆ ಆ ನೀರೆಲ್ಲ ಒಮ್ಮೆಗೇ ಕೆಳಗಿನ ಏರಿಯ ಮೇಲೆ ಬೀಳುತ್ತದೆ. 1903ರ ನವೆಂಬರಿನಲ್ಲಿ ಹೀಗೆಯೇ ಆಯಿತು. ಮೈಸೂರು ಸೀಮೆಯಲ್ಲಿ ಪಾಲಾರಿನ ಕೆರೆಗಳು ಒಡೆದು, ಆ ಪ್ರವಾಹವು ತಮಿಳುನಾಡಿನ ವಾಣಿಯಂಬಾಡಿಯನ್ನು ಹಾಳುಮಾಡಿತು. ಅನೇಕರು ಪ್ರಾಣ ಕಳೆದುಕೊಂಡರು. ಅವರಿಗೆ ಮುನ್ಸೂಚನೆ ಕೊಡುವವರು ಯಾರಿದ್ದರು?

ಈಗ ಆ ಕೊರತೆಯಿಲ್ಲ. 1875ರಲ್ಲಿ ಸ್ಥಾಪಿತವಾದ ಭಾರತೀಯ ಹವಾಮಾನ ಇಲಾಖೆಯು ಕಡಲಿನಲ್ಲಿ ಹುಟ್ಟುವ ಬಿರುಗಾಳಿಯನ್ನು ಕೆಲವು ದಿನ ಮೊದಲೇ ತಿಳಿಸುತ್ತದೆ. ಅದು ಪ್ರಕಟಿಸುವ ಬಣ್ಣಗಳ ಅರ್ಥವನ್ನು ಮನೆಯವರೆಲ್ಲ ತಿಳಿದಿರಬೇಕು. ಹಳದಿ ಎಂದರೆ ಗಮನವಿಟ್ಟಿರಿ. ಕಿತ್ತಳೆ ಎಂದರೆ ಸಿದ್ಧರಾಗಿರಿ. ಕೆಂಪು ಎಂದರೆ ಕಾರ್ಯಕ್ಕೆ ತೊಡಗಿರಿ. ದಿನಕ್ಕೆ 64.5 ಮಿಲಿಮೀಟರನ್ನು ಮುಟ್ಟಿದ ಮಳೆಗೆ ಭಾರಿ ಮಳೆಯೆಂದೂ, 204.4ನ್ನು ಮೀರಿದುದಕ್ಕೆ ಅತ್ಯಂತ ಭಾರಿ ಮಳೆಯೆಂದೂ ಹೆಸರು. ಕೆಂಪು ಬಂದಮೇಲೆ ಸಿದ್ಧತೆಗೆ ತೊಡಗುವವರು ತಡಮಾಡಿದವರೇ ಸರಿ. ಕೋಡಿಯ ಕಸ ತೆಗೆಯುವುದು, ಮಣ್ಣಿನ ಗೋಡೆಯ ಮನೆಯಿಂದ ಮುದುಕರನ್ನೂ ಮಕ್ಕಳನ್ನೂ ಗಟ್ಟಿ ಕಟ್ಟಡಕ್ಕೆ ಸಾಗಿಸುವುದು, ದನಗಳನ್ನು ಕೆರೆಯಂಗಳದಿಂದ ಎತ್ತರಕ್ಕೆ ಹೊಡೆಯುವುದು, ಇವೆಲ್ಲ ಕಿತ್ತಳೆಯ ದಿನದ ಕೆಲಸಗಳು.

ಚಿನ್ನದ ಗಣಿಗಳು 2001ರಲ್ಲಿ ಮುಚ್ಚಿದವು. ಅವು ಬಿಟ್ಟುಹೋದ ಸಯನೈಡ್ ದಿಬ್ಬಗಳು ಮಾತ್ರ ಉಳಿದಿವೆ. ಕಲ್ಲನ್ನು ಹಿಟ್ಟಿನಂತೆ ಅರೆದು ಉಳಿದ ಪುಡಿಯದು. ಮಳೆ ಅದನ್ನು ಕೊರೆದು ಕೊರಕಲು ಮಾಡುತ್ತದೆ. ಜಡಿಮಳೆಯಲ್ಲಿ ಅವುಗಳ ಅಡಿಯಲ್ಲಿ ನಿಲ್ಲತಕ್ಕದ್ದಲ್ಲ. ಅಲ್ಲಿಂದ ಹರಿದ ನೀರನ್ನು ಬಳಸತಕ್ಕದ್ದಲ್ಲ.

ಬೇಸಗೆಯ ಸಿಡಿಲು ಬೇರೆ ಜಾತಿಯದು. ಏಪ್ರಿಲ್ ಮೇ ತಿಂಗಳ ಸಂಜೆಯ ಆ ಮಳೆ ದಿನಗಳ ಅವಕಾಶ ಕೊಡುವುದಿಲ್ಲ, ನಿಮಿಷಗಳನ್ನು ಕೊಡುತ್ತದೆ. ಮಿಂಚಿಗೂ ಗುಡುಗಿಗೂ ನಡುವೆ 30 ಸೆಕೆಂಡಾದರೆ ಸಿಡಿಲು ಸುಮಾರು 10 ಕಿಲೋಮೀಟರ್ ದೂರದಲ್ಲಿದೆ. ಅಷ್ಟು ಹತ್ತಿರವಾದರೆ ಹೊಲದಲ್ಲಾಗಲಿ, ಮಾವಿನ ಮರದಡಿಯಲ್ಲಾಗಲಿ ಇರದೆ ಮನೆಯೊಳಗೆ ಸೇರಬೇಕು. ಕೊನೆಯ ಗುಡುಗು ಕೇಳಿ ಅರ್ಧ ಗಂಟೆಯಾಗುವವರೆಗೆ ಹೊರಡಬಾರದು.

ಕೋಡಿಯ ನೀರಿನ ಮಾತಿಗೆ ಮರಳೋಣ. 2021ರ ನವೆಂಬರಿನಲ್ಲಿ ಈ ಜಿಲ್ಲೆಯ ಅನೇಕ ಕೆರೆಗಳು ತುಂಬಿ ಹರಿದವು. ಬತ್ತಿದ ಕೆರೆ ತುಂಬಿದುದನ್ನು ನೋಡಲು ಜನ ಹೋಗುವುದು ಸಹಜ. ಇಲ್ಲಿಯವರಿಗಿಂತ ನೀರಿನ ಬೆಲೆ ಬಲ್ಲವರಾರು? ಆದರೆ ರಸ್ತೆಯ ಮೇಲೆ ರಭಸದಿಂದ ಹರಿಯುವ ನೀರು 15 ಸೆಂಟಿಮೀಟರಿದ್ದರೂ ವಯಸ್ಕನ ಕಾಲನ್ನು ಕೀಳಬಲ್ಲದು. 60 ಸೆಂಟಿಮೀಟರಾದರೆ ಮೋಟಾರು ಗಾಡಿಯನ್ನೂ ತೇಲಿಸಿಕೊಂಡು ಹೋಗಬಲ್ಲದು. ಕೆಸರು ನೀರಿನಡಿಯಲ್ಲಿ ರಸ್ತೆಯೇ ಕೊಚ್ಚಿಹೋಗಿದ್ದರೆ ಅದು ಕಣ್ಣಿಗೆ ಕಾಣದು. ದಾಟದೆ ಹಿಂದಿರುಗತಕ್ಕದ್ದು. ಮಳೆ ನಿಂತು ಬಿಸಿಲು ಬಂದಿತೆಂದು ಏರಿಯ ಕಾವಲನ್ನು ಬಿಡಲೂ ಆಗದು. ಮೇಲಿನ ಕೆರೆಗಳ ನೀರು ಮಳೆ ನಿಂತ ಮೇಲೂ ಬಹಳ ಹೊತ್ತು ಪಾಲಾರಿನಲ್ಲಿ ಇಳಿದು ಬೇತಮಂಗಲದ ಕೆರೆಗೆ ಬರುತ್ತಲೇ ಇರುತ್ತದೆ.