ಕೈಕೊಡದ ಪಿಸ್ತೂಲು: ಆರಿಸುವವರು ಯಾರು?

ಕನಕಪುರ ಸೀಮೆಯ ರೇಷ್ಮೆ ಬೆಳೆಗಾರರಿಗೆ ಒಂದು ಸಂಗತಿ ಚೆನ್ನಾಗಿ ಗೊತ್ತು. ಗೂಡು ಎಷ್ಟೇ ಹೊಳೆಯುತ್ತಿರಲಿ, ಮಾರುಕಟ್ಟೆಗೆ ಬಂದ ರೀಲರ್ ಬರೀ ಹೊಳಪಿಗೆ ಬೆಲೆ ಕಟ್ಟುವುದಿಲ್ಲ. ಒಂದು ಹಿಡಿ ಗೂಡು ತೆಗೆದು, ಕಿವಿಯ ಬಳಿ ಅಲುಗಿಸಿ, ಒತ್ತಿ ನೋಡಿ ಆಮೇಲೆ ಮಾತು. ಬಿಸಿನೀರಿಗೆ ಬಿದ್ದ ಮೇಲೆ ನೂಲು ತುಂಡಾಗದೆ ಬಂದೀತೇ ಎಂಬುದೇ ಅವನ ಚಿಂತೆ.

ಇದೇ ಸೀಮೆಯ ಮನೆಯೊಂದರಿಂದ ಮಗ ಸೈನ್ಯಕ್ಕೆ ಹೊರಟಾಗ ಅಪ್ಪ ಅಮ್ಮನ ಮನಸ್ಸಿನಲ್ಲಿ ಏಳುವ ಪ್ರಶ್ನೆಯೂ ಹೆಚ್ಚುಕಡಿಮೆ ಇಂಥದ್ದೇ. 'ನಮ್ಮ ಹುಡುಗನ ಕೈಗೆ ಎಂಥ ಬಂದೂಕು ಕೊಡ್ತಾರೆ? ಹೊತ್ತಿಗೆ ಸರಿಯಾಗಿ ಅದು ಕೈಕೊಡೋದಿಲ್ಲ ತಾನೆ?' ಮಗನ ತಲೆಯಲ್ಲಿ ಬೇರೆಯದೇ ಕನಸು. ಸಿನಿಮಾದ ನಾಯಕನ ಹಾಗೆ ಸೊಂಟದಲ್ಲಿ ತನಗೆಂದೇ ಮಾಡಿಸಿದ ಪಿಸ್ತೂಲು, ಬೇಕಾದ ಹಿಡಿ, ಬೇಕಾದ ಗುರಿಕಣ್ಣು!

ನಿಜ ಏನೆಂದರೆ, ಭಾರತೀಯ ಸೇನೆಯಲ್ಲಿ ಸೈನಿಕ ಅಂಗಡಿಗೆ ಹೋಗಿ ಆಯುಧ ಆರಿಸುವುದಿಲ್ಲ. ಸರ್ಕಾರ ಕೊಟ್ಟದ್ದನ್ನೇ ಹಿಡಿಯಬೇಕು. ಸಾಮಾನ್ಯ ಸಿಪಾಯಿಯ ಮುಖ್ಯ ಆಯುಧ ರೈಫಲ್. ಪಿಸ್ತೂಲು ಹೆಚ್ಚಾಗಿ ಅಧಿಕಾರಿಗಳ ಮತ್ತು ವಿಶೇಷ ಪಡೆಗಳ ಸೊಂಟದಲ್ಲಿರುತ್ತದೆ. ರೈಫಲ್ ಕೆಟ್ಟುನಿಂತಾಗ, ಇಕ್ಕಟ್ಟಾದ ಕೋಣೆಗೆ ನುಗ್ಗುವಾಗ ಅದೇ ಕಡೆಯ ಆಸರೆ. ಹಾಗಾಗಿಯೇ ಅದು ಚೆಂದವಾಗಿರುವುದಕ್ಕಿಂತ ನಂಬಿಕಸ್ಥವಾಗಿರುವುದು ಮುಖ್ಯ.

ಎಡವುವುದು ಎಲ್ಲಿ?

ಅರೆಸ್ವಯಂಚಾಲಿತ ಪಿಸ್ತೂಲಿನ ಕೆಲಸ ನೋಡಲು ಸರಳ. ಹಿಡಿಯೊಳಗಿನ ಮ್ಯಾಗಜೀನಿನ ಸ್ಪ್ರಿಂಗ್ ಗುಂಡುಗಳನ್ನು ಮೇಲಕ್ಕೆ ತಳ್ಳುತ್ತಿರುತ್ತದೆ. ಟ್ರಿಗರ್ ಎಳೆದಾಗ ಗುಂಡು ಹಾರುತ್ತದೆ. ಅದರ ಹಿಮ್ಮುಖ ಒತ್ತಡಕ್ಕೆ ಮೇಲಿನ ಸ್ಲೈಡ್ ಹಿಂದಕ್ಕೆ ಸರಿಯುತ್ತದೆ. ಸರಿಯುವಾಗ ಒಂದು ಪುಟ್ಟ ಕೊಕ್ಕೆ ಖಾಲಿ ಹಿತ್ತಾಳೆ ಕವಚವನ್ನು ಎಳೆದು ಹೊರಗೆ ಎಸೆಯುತ್ತದೆ. ಮುಂದಕ್ಕೆ ಮರಳುವಾಗ ಸ್ಲೈಡ್ ಮುಂದಿನ ಗುಂಡನ್ನು ನಳಿಗೆಯೊಳಗೆ ತಳ್ಳುತ್ತದೆ. ಇಷ್ಟೆಲ್ಲ ನಡೆಯುವುದು ಕಣ್ಣು ಮಿಟುಕಿಸುವುದರೊಳಗೆ.

ಇದರಲ್ಲಿ ಎಲ್ಲಿ ಎಡವಿದರೂ ಪಿಸ್ತೂಲು ಸಿಕ್ಕಿಹಾಕಿಕೊಳ್ಳುತ್ತದೆ. ಸ್ಪ್ರಿಂಗ್ ಸೋತಿರಬಹುದು, ಮ್ಯಾಗಜೀನಿನ ತುಟಿ ಬಾಗಿರಬಹುದು, ಕೊಕ್ಕೆ ಸವೆದಿರಬಹುದು, ಮರಳು ಸೇರಿರಬಹುದು, ಗುಂಡೇ ಕಳಪೆಯಾಗಿರಬಹುದು. ಬಹಳ ಸಲ ದೋಷ ಇರುವುದು ಪಿಸ್ತೂಲಿಗಿಂತ ಮ್ಯಾಗಜೀನಿನಲ್ಲಿ. ದುಬಾರಿ ಪಿಸ್ತೂಲಿಗೆ ಅಗ್ಗದ ಮ್ಯಾಗಜೀನ್ ಹಾಕುವುದೆಂದರೆ ಹೊಸ ಬೈಕಿಗೆ ಸವೆದ ಟೈರು ಹಾಕಿದ ಹಾಗೆ.

ಆರು ಸಾವಿರ ಗುಂಡಿನ ಪರೀಕ್ಷೆ

ಹಾಗಾದರೆ ನಂಬಿಕೆಯನ್ನು ಅಳೆಯುವುದು ಹೇಗೆ? 1911ರ ಮಾರ್ಚಿಯಲ್ಲಿ ಅಮೆರಿಕದ ಸೇನೆ ನಡೆಸಿದ ಪರೀಕ್ಷೆ ಇಂದಿಗೂ ಉದಾಹರಣೆ. ಜಾನ್ ಬ್ರೌನಿಂಗ್ ವಿನ್ಯಾಸಗೊಳಿಸಿದ ಕೋಲ್ಟ್ ಪಿಸ್ತೂಲಿನಿಂದ ಎರಡು ದಿನಗಳಲ್ಲಿ 6,000 ಗುಂಡು ಹಾರಿಸಲಾಯಿತು. ನೂರು ಗುಂಡು ಹಾರಿದ ಮೇಲೆ ಆರಲು ಸ್ವಲ್ಪ ಬಿಡುವು. ಸಾವಿರ ಗುಂಡು ಮುಗಿದ ಮೇಲೆ ಒಂದು ಸಲ ಶುಚಿಗೊಳಿಸಿ ಎಣ್ಣೆ. ಬಳಿಕ ಕೆಸರಿನ ಪರೀಕ್ಷೆ, ತುಕ್ಕಿನ ಪರೀಕ್ಷೆ. ಆ ಆರು ಸಾವಿರದಲ್ಲಿ ಕೋಲ್ಟ್ ಒಮ್ಮೆಯೂ ಎಡವಲಿಲ್ಲ. ಅದೇ ತಿಂಗಳ 29ರಂದು ಅದು ಸೇನೆಗೆ ಸೇರಿತು. 1985ರಲ್ಲಿ ಬೆರೆಟ್ಟಾ ಬರುವ ತನಕ, ಮುಕ್ಕಾಲು ಶತಮಾನ ಕಾಲ, ಅಲ್ಲಿನ ಅಧಿಕೃತ ಪಿಸ್ತೂಲು ಅದೇ.

ಒಂದು ಪಿಸ್ತೂಲು ಹತ್ತು ಗುಂಡು ಸರಿಯಾಗಿ ಹಾರಿಸಿದರೆ ಅದು ಏನನ್ನೂ ಸಾಬೀತು ಮಾಡುವುದಿಲ್ಲ. ಸಾವಿರಾರು ಗುಂಡು, ಹಲವು ಪಿಸ್ತೂಲು, ಬಿಸಿಲು, ಹಿಮ, ದೂಳು, ನೀರು ಎಲ್ಲವನ್ನೂ ದಾಟಿದ ಮೇಲೆಯೇ 'ಇದು ನಂಬಿಕಸ್ಥ' ಎನ್ನಬಹುದು. ಯಾವ ಒಬ್ಬ ಸೈನಿಕನೂ ತನ್ನ ಸ್ವಂತ ಖರ್ಚಿನಲ್ಲಿ ಇಂಥ ಪರೀಕ್ಷೆ ನಡೆಸಲಾರ. ಆಯ್ಕೆ ಸಂಸ್ಥೆಯ ಕೈಯಲ್ಲಿರುವುದಕ್ಕೆ ಇದೇ ಮೊದಲ ಕಾರಣ.

ಚನ್ನಪಟ್ಟಣದ ಗಾಲಿ

ಎರಡನೆಯ ಕಾರಣ ತಿಳಿಯಲು ನೆರೆಯ ಚನ್ನಪಟ್ಟಣಕ್ಕೆ ಹೋಗಬೇಕು. ಅಲ್ಲಿನ ಬೊಂಬೆ ಕುಶಲಕರ್ಮಿ ಹಾಲೆ ಮರವನ್ನು ಕಡೆದು, ಅರಗು ಬಳಿದು ಆಟದ ಬಂಡಿ ಮಾಡುತ್ತಾನೆ. ಕೈಯಿಂದಲೇ ಕಡೆಯುವಾಗ ಗಾಲಿಯ ತೂತಿಗೂ ಅದರ ಕಡ್ಡಿಗೂ ಒಂದಕ್ಕೊಂದು ನೋಡಿ ಹೊಂದಿಸಬೇಕು. ಹಾಗೆ ಹೊಂದಿಸಿದ್ದು ಬಲು ಸೊಗಸು. ಆದರೆ ಒಂದು ಬಂಡಿಯ ಗಾಲಿ ಕಳಚಿ ಇನ್ನೊಂದಕ್ಕೆ ಹಾಕಿ ನೋಡಿ: ಒಮ್ಮೆ ಬಿಗಿ, ಒಮ್ಮೆ ಸಡಿಲ. ಕಾರ್ಖಾನೆಯ ಅಚ್ಚಿನಲ್ಲಿ ಬಂದ ಗಾಲಿಗೆ ಆ ಸೊಗಸಿಲ್ಲ. ಆದರೆ ಯಾವ ಬಂಡಿಗಾದರೂ ಕೂರುತ್ತದೆ.

ಪಿಸ್ತೂಲಿನ ಲೋಕದಲ್ಲೂ ಇದೇ ಕತೆ. ಕಾರ್ಖಾನೆಯಲ್ಲಿ ತಯಾರಾದ ಪಿಸ್ತೂಲಿನ ಒಡಲನ್ನು ಇಟ್ಟುಕೊಂಡು, ನುರಿತ ಕೆಲಸಗಾರ ನಳಿಗೆ, ಸ್ಲೈಡ್, ಟ್ರಿಗರ್‌ಗಳನ್ನು ಕೈಯಿಂದ ಅರೆದು ಹೊಂದಿಸಿದರೆ ಅದು ಅರ್ಧ ಕಾರ್ಖಾನೆಯದು, ಅರ್ಧ ಕುಶಲಿಯದು. 1980ರ ದಶಕದ ನಡುಭಾಗದಿಂದ ಅಮೆರಿಕದ ಮೆರೀನ್ ಪಡೆ ತನ್ನ ಆಯ್ದ ತುಕಡಿಗಳಿಗೆ ಇಂಥದೇ ಪಿಸ್ತೂಲು ಕೊಟ್ಟಿತು. ವರ್ಜೀನಿಯಾದ ಕ್ವಾಂಟಿಕೋದಲ್ಲಿ ಅದರ ಶಸ್ತ್ರ ತಂತ್ರಜ್ಞರು ಉಗ್ರಾಣದ ಹಳೆಯ 1911 ಮಾದರಿಗಳ ಒಡಲನ್ನು ಆರಿಸಿ, ಹೊಸ ಭಾಗಗಳನ್ನು ಒಂದೊಂದಾಗಿ ಕೂರಿಸುತ್ತಿದ್ದರು. ಆ ಒಡಲುಗಳೂ 1945ರೊಳಗೆ ಖರೀದಿಸಿದವು!

ಹಿಡಿದವರು ಅವನ್ನು ಮೆಚ್ಚಿದರು. ಆದರೆ ಬೇಡಿಕೆ ಹೆಚ್ಚಿದಂತೆ ಕೈಕೆಲಸ ಸಾಲದಾಯಿತು. ಭಾಗವೊಂದು ಮುರಿದರೆ ಅದನ್ನು ಅಳತೆಗೆ ಅರೆದು ಕೂರಿಸಲು ಮತ್ತೆ ಆ ನುರಿತ ಕೈಯೇ ಬೇಕು. ಯುದ್ಧಭೂಮಿಗೆ ಆ ಕೈ ಎಲ್ಲಿಂದ ತರುವುದು? 2012ರಲ್ಲಿ ಮೆರೀನ್ ಪಡೆ ಅದೇ ಜಾತಿಯ ಪಿಸ್ತೂಲನ್ನು ಕೋಲ್ಟ್ ಕಾರ್ಖಾನೆಯಿಂದಲೇ ತರಿಸಿತು. ಕೆಲವೇ ವರ್ಷಗಳಲ್ಲಿ ಅದರ ವಿಶೇಷ ಪಡೆ, ಪ್ಲಾಸ್ಟಿಕ್ ಒಡಲಿನ, ನೋಡಲು ಸಾದಾ ಗ್ಲಾಕ್ 19ಕ್ಕೆ ಬದಲಾಯಿಸಿತು. ಗುಂಡಿನ ಗುರಿಯಲ್ಲಿ ಕೈಕೆಲಸದ ಪಿಸ್ತೂಲು ಒಂದು ಕೈ ಮೇಲಿರಬಹುದು. ಆದರೆ ಬಿಗಿಯಾಗಿ ಹೊಂದಿಸಿದ ಭಾಗಗಳ ನಡುವೆ ಒಂದು ಚಿಟಿಕೆ ಮರಳಿಗೂ ಜಾಗವಿಲ್ಲ. ರಣರಂಗದಲ್ಲಿ ಮರಳಿಗೆ ಜಾಗ ಬಿಡುವ ಪಿಸ್ತೂಲೇ ಲೇಸು.

ನಮ್ಮ ಸೇನೆಯ ಸೊಂಟದಲ್ಲಿ

ಭಾರತದ ಸೇನೆ ದಶಕಗಳಿಂದ ಬಳಸುತ್ತಾ ಬಂದಿರುವುದು 9 ಎಂಎಂ ಪಿಸ್ತೂಲು ಆಟೋ 1ಎ. ಇದರ ಮೂಲವೂ ಅದೇ ಬ್ರೌನಿಂಗ್. 1926ರಲ್ಲಿ ಅವರು ತೀರಿಕೊಂಡ ಮೇಲೆ ಅರ್ಧಕ್ಕೆ ನಿಂತ ಕೆಲಸವನ್ನು ಬೆಲ್ಜಿಯಂನ ಎಫ್‌ಎನ್ ಕಾರ್ಖಾನೆಯ ಡ್ಯುಡೋನೆ ಸೇವ್ ಪೂರ್ತಿ ಮಾಡಿದರು. 1935ರಲ್ಲಿ ಅದು 'ಹೈ ಪವರ್' ಹೆಸರಿನಲ್ಲಿ ಹೊರಬಂತು. 1911ರ ಕೋಲ್ಟ್ ಮ್ಯಾಗಜೀನಿಗೆ 7 ಗುಂಡು ಹಿಡಿದರೆ ಇದಕ್ಕೆ 13. ಎರಡನೆಯ ಮಹಾಯುದ್ಧದಲ್ಲಿ ಕೆನಡಾದ ಇಂಗ್ಲಿಸ್ ಕಂಪೆನಿ, ಅಂದರೆ ಮುಂದೆ ಬಟ್ಟೆ ಒಗೆಯುವ ಯಂತ್ರಗಳಿಗೆ ಹೆಸರಾದ ಕಂಪೆನಿಯೇ, ಇದನ್ನು ತಯಾರಿಸಿತು. ಆ ಮಾದರಿ ಪಶ್ಚಿಮ ಬಂಗಾಳದ ಇಷಾಪುರದ ರೈಫಲ್ ಕಾರ್ಖಾನೆಗೆ ಬಂದು ಭಾರತೀಯವಾಯಿತು. ಆ ಕಾರ್ಖಾನೆ 2021ರ ಅಕ್ಟೋಬರ್ 1ರಿಂದ ಸರ್ಕಾರಿ ಸ್ವಾಮ್ಯದ ಅಡ್ವಾನ್ಸ್ಡ್ ವೆಪನ್ಸ್ ಅಂಡ್ ಇಕ್ವಿಪ್‌ಮೆಂಟ್ ಇಂಡಿಯಾ ಕಂಪೆನಿಯ ಅಡಿಯಲ್ಲಿದೆ.

ಸಂಸ್ಥೆಯ ಆಯ್ಕೆ ಎಂದೂ ತಪ್ಪುವುದಿಲ್ಲವೇ? ತಪ್ಪುತ್ತದೆ. 1999ರ ಕಾರ್ಗಿಲ್ ಯುದ್ಧದಲ್ಲಿ ನಮ್ಮ ಇನ್ಸಾಸ್ ರೈಫಲಿನ ಪ್ಲಾಸ್ಟಿಕ್ ಮ್ಯಾಗಜೀನುಗಳು ಕೊರೆಯುವ ಚಳಿಯಲ್ಲಿ ಬಿರುಕುಬಿಟ್ಟ ವರದಿಗಳು ಬಂದವು. ಪಾಠದ ಬೆಲೆ ದೊಡ್ಡದು. ದೂರುಗಳು ದಾಖಲಾದವು, ತಿದ್ದುಪಡಿಗಳಾದವು. 2019ರ ಫೆಬ್ರವರಿಯಲ್ಲಿ 72,400 ಸಿಗ್ ರೈಫಲುಗಳಿಗೆ ಬೇಡಿಕೆ ಸಲ್ಲಿಸಲಾಯಿತು. ತಪ್ಪು ಕಂಡಾಗ ಬರೆದು ತಿಳಿಸುವವರೂ ಓದಿ ತಿದ್ದುವವರೂ ಇದ್ದರೆ ಮಾತ್ರ ಆಯುಧ ನಂಬಿಕಸ್ಥವಾಗುತ್ತದೆ.

ಈ ಹಾದಿಯಲ್ಲಿ ಹೊಸ ಹೆಸರು 'ಅಸ್ಮಿ'. ಪಿಸ್ತೂಲಿಗಿಂತ ದೊಡ್ಡದಾದ, ಒಂದೇ ಸಮನೆ ಗುಂಡು ಹಾರಿಸಬಲ್ಲ ಈ ಮೆಷಿನ್ ಪಿಸ್ತೂಲನ್ನು ಮಹೂವಿನ ಇನ್‌ಫಂಟ್ರಿ ಶಾಲೆಯೂ ಪುಣೆಯ ಡಿಆರ್‌ಡಿಒ ಪ್ರಯೋಗಾಲಯವೂ ಸೇರಿ ನಾಲ್ಕು ತಿಂಗಳಲ್ಲಿ ರೂಪಿಸಿ 2021ರ ಜನವರಿಯಲ್ಲಿ ಪ್ರಕಟಿಸಿದವು. ತೂಕ ಎರಡು ಕಿಲೋಗಿಂತ ಕಡಿಮೆ. 2024ರಲ್ಲಿ ಸೇನೆಯ ಉತ್ತರ ಕಮಾಂಡ್ 550 ಅಸ್ಮಿಗಳನ್ನು ತೆಗೆದುಕೊಂಡಿತು. ಬೆಂಗಳೂರಿನಲ್ಲೂ ಎಸ್‌ಎಸ್‌ಎಸ್ ಡಿಫೆನ್ಸ್ ಎಂಬ ಖಾಸಗಿ ಕಂಪೆನಿ ಸ್ನೈಪರ್ ರೈಫಲುಗಳನ್ನು ತಯಾರಿಸುತ್ತಿದೆ.

ಹುಡುಗರ ಕೈಯಲ್ಲಿರುವುದು ಏನು?

ಪಿಸ್ತೂಲು ಆರಿಸುವ ಹಕ್ಕು ಇಲ್ಲದಿದ್ದರೂ ಹುಡುಗ ಹುಡುಗಿಯರು ಆರಿಸಬಹುದಾದ್ದು ಬೇಕಾದಷ್ಟಿದೆ. ಎನ್‌ಸಿಸಿ ಸೇರಿದವರು .22 ರೈಫಲ್ ಹಿಡಿದು ಮೊದಲ ಪಾಠ ಕಲಿಯುತ್ತಾರೆ: ಬಂದೂಕು ತುಂಬಿದೆ ಎಂದೇ ಸದಾ ತಿಳಿ, ಮೂತಿಯನ್ನು ಯಾರತ್ತಲೂ ತಿರುಗಿಸಬೇಡ, ಗುರಿ ಕಾಣುವವರೆಗೆ ಟ್ರಿಗರ್ ಮೇಲೆ ಬೆರಳಿಡಬೇಡ. ಯಂತ್ರಗಳಲ್ಲಿ ಆಸಕ್ತಿಯಿದ್ದವರಿಗೆ ಸೇನೆಯ ಇಎಂಇ ವಿಭಾಗವಿದೆ. ಆಯುಧಗಳನ್ನು ಬಿಚ್ಚಿ, ಸವೆದದ್ದನ್ನು ಬದಲಿಸಿ, ಮತ್ತೆ ನಂಬಿಕಸ್ಥ ಮಾಡುವವರು ಅಲ್ಲಿನ ತಂತ್ರಜ್ಞರೇ. ಲೋಹಶಾಸ್ತ್ರ, ಮೆಕ್ಯಾನಿಕಲ್ ಎಂಜಿನಿಯರಿಂಗ್ ಓದಿದವರಿಗೆ ಡಿಆರ್‌ಡಿಒ ಪ್ರಯೋಗಾಲಯಗಳೂ ಗುಣಮಟ್ಟ ಪರೀಕ್ಷಾ ಇಲಾಖೆಯೂ ಇವೆ. ಒಂದು ಸ್ಪ್ರಿಂಗ್ ಎಷ್ಟು ಸಾವಿರ ಸಲ ಮಡಚಿದರೆ ಸೋಲುತ್ತದೆ ಎಂದು ಲೆಕ್ಕ ಹಾಕುವುದೂ ದೇಶಸೇವೆಯೇ.

ತಂದೆತಾಯಿಯರು ನೆನಪಿಡಬೇಕಾದ ಮಾತೂ ಒಂದಿದೆ. 1959ರ ಶಸ್ತ್ರಾಸ್ತ್ರ ಕಾಯ್ದೆಯಂತೆ ಪರವಾನಗಿ ಇಲ್ಲದೆ ಪಿಸ್ತೂಲು ಇಟ್ಟುಕೊಳ್ಳುವುದು ಅಪರಾಧ. ಸೇನೆ ಬಳಸುವ 9 ಎಂಎಂ ಸಾಮಾನ್ಯ ನಾಗರಿಕರಿಗೆ ನಿಷಿದ್ಧ. ಪಿಸ್ತೂಲಿನ ಹುಚ್ಚು ಹಿಡಿದ ಮಗನಿಗೆ ಎನ್‌ಸಿಸಿ ಅಥವಾ ಮಾನ್ಯತೆ ಪಡೆದ ಶೂಟಿಂಗ್ ರೇಂಜ್ ಸರಿಯಾದ ದಾರಿ.

ಇನ್ನು ಆ ಮೊದಲ ಪ್ರಶ್ನೆ. 'ಅದು ಕೈಕೊಡೋದಿಲ್ಲ ತಾನೆ?' ಎಂಥ ಪರೀಕ್ಷೆ ಗೆದ್ದ ಪಿಸ್ತೂಲಾದರೂ ಒರೆಸಿ ಎಣ್ಣೆ ಹಾಕದಿದ್ದರೆ, ಮ್ಯಾಗಜೀನ್ ನೆಲಕ್ಕೆ ಬಿದ್ದದ್ದನ್ನು ಮುಚ್ಚಿಟ್ಟರೆ ಕೈಕೊಡುತ್ತದೆ. ಯುದ್ಧಕಾಲೇ ಶಸ್ತ್ರಾಭ್ಯಾಸ ಎಂದು ನಮ್ಮ ಹಿರಿಯರು ನಗುತ್ತಿದ್ದುದು ಸುಮ್ಮನೆ ಅಲ್ಲ. ಆಯುಧ ಆರಿಸುವುದು ಸರ್ಕಾರದ ಕೆಲಸ. ಪ್ರತಿ ಸಂಜೆ ಅದನ್ನು ಬಿಚ್ಚಿ ಒರೆಸಿ ಜೋಡಿಸುವುದು ಕನಕಪುರದಿಂದ ಹೋದ ಆ ಹುಡುಗನದೇ ಕೆಲಸ. ಹುಳುವಿಗೆ ಹೊತ್ತುಹೊತ್ತಿಗೆ ಸೊಪ್ಪು ಹಾಕಿ ಬೆಳೆದ ಮನೆಯ ಮಗನಿಗೆ ಆ ಶಿಸ್ತು ಹೊಸದೇನೂ ಅಲ್ಲ.